ಕುಡಿಯದ ಅಪ್ಪನ ಕುಡಿತ

ಮಗ ಮೈಕಿನ ಮುಂದೆ ನಿಂತು ಅಪ್ಪನನ್ನು ಕುಡುಕನನ್ನಾಗಿ ಮಾಡಿದ್ದು ಒಂದು ಭಾನುವಾರದ ಬೆಳಿಗ್ಗೆ. ಅದೇ ಅಪ್ಪ ಅವನ ಗಡ್ಡ ಹೆರೆದು, ಕೆನ್ನೆಗೆ ಪಟಿಕದ ಕಲ್ಲು ತಿಕ್ಕಿ, "ಮದುವೆ ಗಂಡಿನ ಹಾಗಿದ್ದೀಯ, ಹೋಗು" ಎಂದು ಬೆನ್ನು ತಟ್ಟಿ ಕಳಿಸಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಕೆನ್ನೆಯ ಮೇಲೆ ಪಟಿಕದ ಉರಿ ಇನ್ನೂ ಹಾಗೆಯೇ ಇತ್ತು.

ಅಪ್ಪ ಕ್ಷೌರಿಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಾತ ಮಾಡಿಸಿದ ಕಬ್ಬಿಣದ ಕುರ್ಚಿ, ಅದರೆದುರು ಅಂಚಿನಲ್ಲಿ ಪಾದರಸ ಎದ್ದುಹೋದ ಕನ್ನಡಿ, ಕನ್ನಡಿಯ ಮೇಲೆ ತಾತನ ಪಟ. ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆಯಲ್ಲಿ ಸಂಸಾರ. ಬೀದಿಯವರು ಅಪ್ಪನನ್ನು ಕರೆಯುತ್ತಿದ್ದದ್ದು ಹೂಗೈ ಎಂದು. ಆತನ ಕತ್ತಿ ಗಂಟಲಿನ ಮೇಲೆ ಓಡಾಡಿದ್ದು ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದವರೂ ಉಂಟು. ಆ ಕೈ ನಡುಗಬಾರದೆಂದು ಆತ ಹುಟ್ಟಿದಾರಭ್ಯ ಒಂದು ಹನಿ ಹೆಂಡ ಮುಟ್ಟಿದವನಲ್ಲ. ನೆಂಟರಿಷ್ಟರ ನಡುವೆ ಯಾರಾದರೂ ಲೋಟ ಚಾಚಿದರೆ, "ಬೀದಿಯವರ ಕುತ್ತಿಗೆಯೆಲ್ಲ ನನ್ನ ಕೈಲಿದೆ ಕಣಪ್ಪ, ನನಗೆ ಬೇಡ" ಎನ್ನುತ್ತಿದ್ದ.

ಮಗ ಕತ್ತರಿ ಹಿಡಿಯಲಿಲ್ಲ. ಶಾಲೆಯಲ್ಲಿ ಹುಡುಗರು ಅವನ ಹಿಂದೆ ನಿಂತು ಬೆರಳುಗಳನ್ನು ಕತ್ತರಿಯಂತೆ ಆಡಿಸುತ್ತಿದ್ದುದನ್ನು ಅವನು ಮರೆತಿರಲಿಲ್ಲ. ಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಹಿಡಿದ. ಮದುವೆಯಾಯಿತು. ಮೊದಲ ಮಗು ಹುಟ್ಟಿ ವಾರ ತುಂಬುವ ಮೊದಲೇ ತೀರಿಕೊಂಡಿತು. ಆಮೇಲೆ ಅವನಿಗೆ ಕೆಲಸ ಮುಗಿದರೂ ಮನೆಗೆ ಬರಲು ಕಾಲು ಏಳುತ್ತಿರಲಿಲ್ಲ. ದಾರಿಯಲ್ಲಿ ಒಂದು ಚಿಕ್ಕ ಪ್ರಾರ್ಥನಾಲಯವಿತ್ತು. ಅದರ ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಳಗೆ ಹಾಡುತ್ತಿದ್ದರು. ಒಂದು ಸಂಜೆ ಅಲ್ಲಿನ ಕಸ ಗುಡಿಸುವ ಮುದುಕ ಏನನ್ನೂ ಕೇಳದೆ ಪಕ್ಕದಲ್ಲಿ ಬಂದು ಕೂತ. ಇವನು ಅಳುವುದು ಮುಗಿಯುವವರೆಗೂ ಏಳಲಿಲ್ಲ. ಅಂದಿನಿಂದ ಇವನು ನಂಬಿದ. ಬಿಡುವಾದಾಗ ಬೀದಿಯ ಮನೆಮನೆಗೂ ಹೋಗಿ ಏಸುವಿನ ಮಾತು ಹೇಳತೊಡಗಿದ. ಆ ನಂಬಿಕೆಯಲ್ಲಿ ಒಂದು ಗುಲಗಂಜಿಯಷ್ಟೂ ಸುಳ್ಳಿರಲಿಲ್ಲ. ಸುಳ್ಳು ಬಂದದ್ದು ಆಮೇಲೆ.

ದೀಕ್ಷಾಸ್ನಾನವಾದ ಮೇಲೆ ಮನೆಯಲ್ಲಿ ತಕರಾರು ಎದ್ದದ್ದು ತಾತನ ಪಟದಿಂದ. ದುಡಿಮೆಗೆ ಹೊರಡುವವರು ಆ ಪಟಕ್ಕೆ ಕೈಮುಗಿದು "ಬರ್ತೀನಿ ತಾತ" ಎಂದು ಹೇಳಿಯೇ ಹೊಸಿಲು ದಾಟಬೇಕು. ಅದು ಆ ಮನೆಯ ಕಟ್ಟಳೆ. ಮಗ ಅದನ್ನು ನಿಲ್ಲಿಸಿದ.

"ಸತ್ತುಹೋದ ನಿಮ್ಮ ತಾತ ನಿನ್ನ ಏಸುಗೆ ಏನೋ ಅಡ್ಡ ಬಂದ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಅಡ್ಡ ಬರೋ ಮಾತಲ್ಲಮ್ಮ. ನಾನು ಇನ್ನು ಒಬ್ಬನಿಗೇ ಕೈ ಮುಗಿಯೋದು."

"ಹಾಗಿದ್ರೆ ಒಬ್ಬನ ಮನೇಲೇ ಊಟಾನೂ ಮಾಡು."

"ಬಿಡೇ," ಎಂದ ಅಪ್ಪ, ತೊಗಲಿನ ಪಟ್ಟಿಗೆ ಕತ್ತಿ ಎಳೆಯುತ್ತಾ. "ಇವನು ಕೈ ಮುಗೀದಿದ್ರೆ ನಮ್ಮಪ್ಪನೇನು ಪಟದಿಂದ ಇಳಿದು ಹೋಗ್ತಾನಾ? ದೇವರು ಸಿಕ್ಕಿದ್ದಾನೆ ಅಂತಾನೆ, ಸಿಗಲಿ. ಮಗು ಹೋದ ಮೇಲೆ ಹುಡುಗ ಈಗಲೇ ನಾಲ್ಕು ತುತ್ತು ತಿಂತಿರೋದು."

ಅಂಥ ಅಪ್ಪ.

ಇನ್ನು ಪ್ರಾರ್ಥನಾಲಯದ ಮಾತು. ಅಲ್ಲಿ ಪ್ರತಿ ಭಾನುವಾರ ಹೊಸಬರು ಯಾರಾದರೂ ಎದ್ದು ತಮ್ಮ ಸಾಕ್ಷಿ ಹೇಳಬೇಕು: ಮೊದಲು ಹೇಗಿದ್ದೆ, ಈಗ ಹೇಗಾದೆ. ಕಳ್ಳತನ ಬಿಟ್ಟವನು ಹೇಳಿದಾಗ ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡಿದ್ದರು. ಜೂಜು ಬಿಟ್ಟವನು ಹೇಳಿದಾಗ ಪಾಸ್ಟರು ಇಳಿದುಬಂದು ಅಪ್ಪಿಕೊಂಡಿದ್ದರು. ಆಮೇಲೆ ಅವರಿಗೆ ಮುಂದಿನ ಬೆಂಚು, ಕೂಟದ ಊಟದಲ್ಲಿ ಬಡಿಸುವ ಹಕ್ಕು, ನಾಲ್ಕು ಜನ ಹೆಸರು ಹಿಡಿದು ಕರೆಯುವ ಮರ್ಯಾದೆ. ಯಾರಿಗೂ ಕೇಡು ಮಾಡದೆ ಊರವರ ಗಡ್ಡ ಹೆರೆದುಕೊಂಡು ಬಾಳಿದ ಮನೆಗೆ ಆ ಮೈಕಿನಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಪಾಪ ದೊಡ್ಡದಾದಷ್ಟೂ ಪ್ರಸಾರ ದೊಡ್ಡದು.

ಮಗ ನಿಜವನ್ನೇ ಹೇಳಬೇಕೆಂದು ಹೋಗಿದ್ದ. "ನಮಗೊಂದು ಮಗು ಹುಟ್ಟಿತ್ತು. ಹೋಯಿತು. ನನಗೆ ದಿಕ್ಕು ತೋಚಲಿಲ್ಲ," ಎಂದ. ಒಬ್ಬಾತ ಗಡಿಯಾರ ನೋಡಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಇವನು ಮುಂದೆ ಏನೆನ್ನಬೇಕೆಂದು ತಿಳಿಯದೆ ಹುಬ್ಬು ತುರಿಸಿಕೊಂಡ. ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಬೆರಳಿಗೆ ಸಿಕ್ಕಿತು. "ಮನೆಯಲ್ಲಿ ಅಪ್ಪ... ಅಪ್ಪ ಕುಡೀತಿದ್ರು" ಎಂಬ ಮಾತು ಬಾಯಿಂದ ಜಾರಿತು.

ತಲೆಗಳೆಲ್ಲ ಮೇಲೆದ್ದವು. "ಅಯ್ಯೋ ಕರ್ತನೇ" ಎಂದು ಒಂದು ಹೆಣ್ಣುದನಿ ಕೇಳಿಸಿತು. ಆ ಒಂದು ಉಸಿರು ಸಾಕಾಯಿತು. ಅಪ್ಪ ಅಮ್ಮನ ಜಡೆ ಹಿಡಿದು ಎಳೆಯುತ್ತಿದ್ದುದು, ಅಡುಗೆಯ ಪಾತ್ರೆ ಬೀದಿಗೆ ಎಸೆಯುತ್ತಿದ್ದುದು, ಕೊನೆಗೆ ಒಂದು ದಿನ ಕುಡಿದ ಅಮಲಿನಲ್ಲಿ ಕ್ಷೌರದ ಕತ್ತಿ ಬೀಸಿ ಮಗನ ಹುಬ್ಬು ಸೀಳಿದ್ದು, ಎಲ್ಲವೂ ನೀರಿನ ಹಾಗೆ ಹರಿಯಿತು. "ನೋಡಿ, ಇಲ್ಲಿ," ಎಂದು ಹಣೆ ಮುಂದೆ ಮಾಡಿ ತೋರಿಸಿದ. ಇಡೀ ಕೋಣೆ ಅತ್ತಿತು. ಅವನೂ ಅತ್ತ. ಆ ಅಳು ಯಾರಿಗಾಗಿ ಎಂದು ಅವನನ್ನು ಯಾರೂ ಕೇಳಲಿಲ್ಲ.

ಆ ಗಾಯದ ಕಥೆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ನಗುವ ಕಥೆ. ನಾಲ್ಕು ವರ್ಷದ ಮಗ ಕಬ್ಬಿಣದ ಕುರ್ಚಿ ಹತ್ತಿ ಬಿದ್ದು ಹುಬ್ಬು ಒಡೆದುಕೊಂಡಿದ್ದ. ಅಪ್ಪ ಗಿರಾಕಿಯ ಒಂದು ಕೆನ್ನೆ ಹೆರೆದು ಇನ್ನೊಂದನ್ನು ನೊರೆಯ ಸಮೇತ ಬಿಟ್ಟು, ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಹಿಂದಿನಿಂದ ಆ ಗಿರಾಕಿ ಕೊರಳಲ್ಲಿ ಬಿಳಿಬಟ್ಟೆ ಕಟ್ಟಿಕೊಂಡು "ನನ್ನ ಗತಿ ಏನೋ ಮಾರಾಯ" ಎಂದು ಓಡಿದ. ಹೊಲಿಗೆ ಹಾಕುವಾಗ ಮಗುವಿಗಿಂತ ಜೋರಾಗಿ ಅತ್ತವನು ಅಪ್ಪನಂತೆ. ಅಮ್ಮ ಅದನ್ನು ಅಭಿನಯಿಸಿ ತೋರಿಸಿದರೆ ತಂಗಿ ನಗುತ್ತಾ ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದಳು.

ಮುಂದಿನ ಶನಿವಾರ ಮಗನಿಗೆ ಅರ್ಧ ದಿನ ರಜೆ. ಹಿತ್ತಲಲ್ಲಿ ಅಮ್ಮ ಅಂಗಡಿಯ ಬಟ್ಟೆಗಳನ್ನು ಹಂಡೆಗೆ ಹಾಕಿ ಕುದಿಸುತ್ತಿದ್ದಳು. ಅವನು ಒಂದು ಬಕೆಟ್ ಬಿಸಿನೀರು ಹೊತ್ತು ಅಂಗಡಿಗೆ ಬಂದ. ಬಾಗಿಲಲ್ಲಿ ಪಾಸ್ಟರ ಹೆಂಡತಿ ನಿಂತಿದ್ದರು. ಅವರ ಜೊತೆ ಸಭೆಯ ಹಿರಿಯಳು, ಎಲ್ಲರೂ ಟೀಚರಮ್ಮ ಎನ್ನುವಾಕೆ. ಕುರ್ಚಿಯಲ್ಲಿ ಎದುರು ಸಾಲಿನ ದಿನಸಿ ಅಂಗಡಿಯವನು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಒರಗಿದ್ದ.

"ಬನ್ನಿ ಬನ್ನಿ, ಮಗನ ಚರ್ಚಿನವರಾ?" ಎಂದ ಅಪ್ಪ ಸಂಭ್ರಮದಿಂದ. "ಲೇ, ಚಹಾ ಇಡೇ. ಕೂತ್ಕೊಳ್ಳಿ ತಾಯಿ, ಆ ಬೆಂಚು ಗಟ್ಟಿಯಿದೆ, ಹೆದರಬೇಡಿ."

"ನಿಮಗೋಸ್ಕರ ನಾವೆಲ್ಲ ಕಣ್ಣೀರಿಟ್ಟು ಪ್ರಾರ್ಥನೆ ಮಾಡ್ತಿದ್ದೀವಿ ಅಣ್ಣಾವ್ರೇ," ಎಂದರು ಟೀಚರಮ್ಮ.

"ನನಗಾ? ಮಾಡಿ ತಾಯಿ. ಮಂಡಿ ನೋವು ಒಂದಿದೆ, ಅದನ್ನೂ ಸೇರಿಸಿ."

"ಈಗ ಕುಡಿತ ಹೇಗಿದೆ?"

"ದಿನಕ್ಕೆ ಮೂರು ಲೋಟ. ನಾಲ್ಕನೇದು ಕೇಳಿದ್ರೆ ಇವಳು ಸೌಟು ತೋರಿಸ್ತಾಳೆ."

"ಚಹಾ ಅಲ್ಲ ಅಣ್ಣಾವ್ರೇ. ನಾಚಿಕೋಬೇಡಿ. ನಿಮ್ಮ ಮಗ ಸಭೆ ಮುಂದೆ ಎಲ್ಲಾ ಹೇಳಿದ್ದಾನೆ. ಆ ಹೆಂಡದ ದಿನಗಳು, ಹೆಂಡತಿ ಜಡೆ ಹಿಡಿದು ಎಳೆದದ್ದು. ಹುಬ್ಬಿನ ಗಾಯಾನೂ ತೋರಿಸಿದ. ನಾವು ದೂರೋಕೆ ಬಂದಿಲ್ಲ. ಬಿಡಿಸೋಕೆ ಬಂದಿದ್ದೀವಿ."

ಅಪ್ಪನ ಕತ್ತಿ ಗಾಳಿಯಲ್ಲೇ ನಿಂತಿತು. ಕನ್ನಡಿಯಲ್ಲಿ ಆತನ ಕಣ್ಣು ಮಗನ ಕಣ್ಣನ್ನು ಹುಡುಕಿತು. ಮಗ ಬಕೆಟ್ಟಿನೊಳಗೆ ನೋಡುತ್ತಾ ನಿಂತ. ನೀರಿನ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಮಾತು, 'ಸುಳ್ಳು' ಎಂಬ ಒಂದೇ ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಬಾಗಿ ಬಕೆಟ್ಟನ್ನು ನೆಲಕ್ಕಿಟ್ಟ.

"ಹೌದು ತಾಯಿ," ಎಂದ ಅಪ್ಪ ನಿಧಾನಕ್ಕೆ. "ಕುಡೀತಿದ್ದೆ. ಈಗ ಬಿಟ್ಟಿದ್ದೀನಿ."

"ಸ್ತೋತ್ರ!" ಎಂದರು ಪಾಸ್ಟರ ಹೆಂಡತಿ.

ದಿನಸಿಯವನು ನೊರೆಯೊಳಗಿಂದ ಎರಡೂ ಕಣ್ಣು ಅಗಲಿಸಿ ಅಪ್ಪನ ಕೈಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೊರಳ ಬಟ್ಟೆ ಬಿಚ್ಚಿದ. "ಅಂಗಡಿ ಹತ್ರ ಗಿರಾಕಿ ಬಂದ ಹಾಗಿದೆ. ಮಿಕ್ಕಿದ್ದು ಮನೇಲಿ ಮಾಡ್ಕೋತೀನಿ ಬಿಡು."

ಆ ಸಂಜೆ ಊಟಕ್ಕೆ ಬೇಯಿಸಿದ ಬೇಳೆ, ಸೊಪ್ಪು, ಅನ್ನ. ಅಮ್ಮ ತಟ್ಟೆಗಳನ್ನು ಇಡಲಿಲ್ಲ, ಕುಕ್ಕಿದಳು.

"ಯಾವತ್ತು ಕುಡಿದ್ರಿ ನೀವು? ಹೇಳಿ. ನನ್ನ ಕಟ್ಟಿಕೊಂಡ ಮೇಲೋ, ಅದಕ್ಕೂ ಮೊದಲೋ? ನನ್ನ ಜಡೆ ಯಾವತ್ತು ಹಿಡಿದು ಎಳೆದ್ರಿ? ನನ್ನ ಜಡೆಗೇ ಗೊತ್ತಿಲ್ಲವಲ್ಲ!"

"ಬಂದವರ ಮುಂದೆ ಹುಡುಗನ್ನ ಸುಳ್ಳ ಅನ್ನಿಸಬೇಕಿತ್ತಾ?" ಎಂದ ಅಪ್ಪ.

"ಅನ್ನಿಸಬೇಕಿತ್ತು. ಸುಳ್ಳನ್ನ ಸುಳ್ಳ ಅನ್ನದೆ ಇನ್ನೇನು ಆರತಿ ಎತ್ತಬೇಕಿತ್ತಾ?"

ತಂಗಿ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸದವಳು. ಅವಳ ಬಾಯಿಯೂ ಅಲ್ಲಿನ ಸೂಜಿಯ ಹಾಗೆ. "ಅಣ್ಣ, ನಿನಗೆ ಪಾಪ ಬೇಕಿದ್ರೆ ನೀನೇ ಒಂದೆರಡು ಮಾಡ್ಕೋಬಹುದಿತ್ತಲ್ಲ. ಅಪ್ಪಂದೇ ಯಾಕೆ ಸಾಲ ತಂದೆ?"

ಮಗ ಅನ್ನ ಕಲಸುತ್ತಲೇ ಇದ್ದ. ಬೆರಳ ಸಂದಿಯಲ್ಲಿ ಅದು ಹಿಟ್ಟಾಯಿತು. "ಬಾಯಿ ತಪ್ಪಿ ಬಂತು" ಎಂದ.

"ಬಾಯಿ ತಪ್ಪಿದ್ರೆ ಒಂದು ಮಾತು ಬರುತ್ತೆ. ಇಡೀ ನಾಟಕ ಬರಲ್ಲ," ಎಂದಳು ಅಮ್ಮ.

ಅವನ ಹೆಂಡತಿ ತಟ್ಟೆಗಳನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ಪಾತ್ರೆ ತೊಳೆಯುವಾಗ ಅವನು ನೀರು ಹಾಕಲು ಹೋದ. ಅವಳು ತಲೆಯೆತ್ತದೆ ಕೇಳಿದಳು: "ನಮ್ಮ ಮಗು ಹೋಗಿದ್ದನ್ನ ಯಾಕೆ ಹೇಳಲಿಲ್ಲ ನೀವು?"

"ಹೇಳೋಕೆ ಹೋದೆ. ಯಾರೂ ತಲೆ ಎತ್ತಲಿಲ್ಲ."

ಅವಳ ಕೈಯಲ್ಲಿದ್ದ ನಾರು ನಿಂತಿತು. "ಅದು ಸಾಲದಾಯಿತಾ ಅವರಿಗೆ? ಅದಕ್ಕೇ ಮಾವನ್ನ ಮೇಲೆ ಇಟ್ಟು ತೂಕ ಸರಿ ಮಾಡಿದ್ರಾ?"

ಅವನು ಚೊಂಬು ಕೆಳಗಿಟ್ಟು ಹೊರಗೆ ಹೋದ. ಹೋಗಲು ಜಾಗವಿರಲಿಲ್ಲ, ಖಾಲಿ ಕುರ್ಚಿಯ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ.

ದಿನಸಿಯವನ ಬಾಯಿ ಬೀಗವಿಲ್ಲದ ಬಾಗಿಲು. ಉಪ್ಪು ಕಟ್ಟಿಸಿಕೊಂಡವರಿಗೆಲ್ಲ ಸುದ್ದಿಯನ್ನೂ ಕಟ್ಟಿಕೊಟ್ಟ: "ಹೂಗೈ ಬಾಯಾರೆ ಒಪ್ಪಿಕೊಂಡ. ಇಷ್ಟು ವರ್ಷ ನಾವು ಕುತ್ತಿಗೆ ಕೊಟ್ಟು ನಿದ್ದೆ ಹೊಡೀತಿದ್ವಲ್ಲ!" ವಾರ ಕಳೆಯುವಷ್ಟರಲ್ಲಿ ಗಡ್ಡಕ್ಕೆ ಬರುವವರು ನಿಂತರು. ಬಂದವರೂ "ಕೂದಲು ಮಾತ್ರ ಸಾಕು, ಕತ್ತಿ ಬೇಡ" ಎನ್ನತೊಡಗಿದರು. ಅಪ್ಪ ಬೆಳಿಗ್ಗೆ ಎದ್ದು ಕತ್ತಿಗಳನ್ನೆಲ್ಲ ಮಸೆಯುತ್ತಿದ್ದ. ಮಧ್ಯಾಹ್ನ ಅವನ್ನೇ ಮತ್ತೆ ಮಸೆಯುತ್ತಿದ್ದ. ಹಿತ್ತಲಲ್ಲಿ ಕುದಿಯಲು ಬಟ್ಟೆಯೇ ಇರುತ್ತಿರಲಿಲ್ಲ. ಅಮ್ಮ ಬೇಳೆಗೆ ನೀರು ಹೆಚ್ಚು ಮಾಡಿದಳು. ಮೀನು ಮಾರುವವಳು ಬಾಗಿಲಿಗೆ ಬಂದರೆ "ಇವತ್ತು ಯಾಕೋ ನಾಲಿಗೆಗೆ ಬೇಡ" ಎಂದು ಕಳಿಸಿದಳು. ತಂಗಿಯ ದವಾಖಾನೆಯಲ್ಲಿ ಯಾರೋ ಅನುಕಂಪದಿಂದ ಅವಳ ಭುಜ ಸವರಿ, "ನಿಮಗೂ ಹೊಡೀತಿದ್ರಾ?" ಎಂದು ಕೇಳಿದರಂತೆ.

ಒಂದು ದಿನ ಮಗ ಕೆಲಸಕ್ಕೆ ಹೊರಡುತ್ತಿದ್ದ. ಹೆಂಗಸೊಬ್ಬಳು ಮಗುವಿನ ಕೂದಲು ತೆಗೆಸಲು ಬಂದು ಹೊಸಿಲಲ್ಲೇ ನಿಂತಳು.

"ಇವತ್ತು ಕೈ ಸರಿಯಿದೆಯಾ?" ಎಂದು ಕೇಳಿದಳು.

ಅಪ್ಪ ಶಾಲೆಯ ಹುಡುಗ ಉಗುರು ತೋರಿಸುವ ಹಾಗೆ ಎರಡೂ ಕೈ ಮುಂದೆ ಚಾಚಿದ. "ನೋಡಮ್ಮ."

ಅವಳು ಬಾಗಿ ನೋಡಿದಳು. ನಿಜವಾಗಿಯೂ ನೋಡಿದಳು. ಆಮೇಲೆ ಮಗುವನ್ನು ಕೂರಿಸಿದಳು.

ಅವತ್ತು ಮಗ ಉಜ್ಜಿದ ಗಾಜುಗಳಲ್ಲಿ ಒಂದೂ ಸರಿಬರಲಿಲ್ಲ. ಸಂಜೆ ನೇರವಾಗಿ ಪಾಸ್ಟರ ಬಳಿ ಹೋದ. ಅವರು ಪ್ರಾರ್ಥನಾಲಯದ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ಅಯ್ಯಾ, ನಾನು ಹೇಳಿದ್ದು ಸುಳ್ಳು. ಅಪ್ಪ ಕುಡಿಯೋರಲ್ಲ. ಈ ಗಾಯ ಕುರ್ಚಿಯಿಂದ ಬಿದ್ದಿದ್ದು."

ಪಾಸ್ಟರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ಬಾಗಿಲು ಮುಂದೆ ಮಾಡಿದರು. "ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ನಿನ್ನ ಸಾಕ್ಷಿ ಕೇಳಿ ಇಬ್ಬರು ಬಾಟಲಿ ಬಿಟ್ಟಿದ್ದಾರೆ. ಅದರಲ್ಲಿ ಒಬ್ಬನಿಗೆ ಸಣ್ಣ ಸಣ್ಣ ಮಕ್ಕಳು. ಈಗ ನೀನು ಎದ್ದು ಅದು ಸುಳ್ಳು ಅಂದ್ರೆ ಅವನು ಮತ್ತೆ ಹಿಡಿಯಲ್ಲ ಅಂತ ಬರೆದುಕೊಡ್ತೀಯಾ?"

"ಅಪ್ಪನ ಅಂಗಡಿಗೆ ಯಾರೂ ಬರ್ತಿಲ್ಲ ಅಯ್ಯಾ."

"ಆ ಮನೆ ನಿನ್ನನ್ನ ಹಿಂದಕ್ಕೆ ಎಳೀತಿದೆ. ನೀನು ನೀರಿನಿಂದ ಎದ್ದಾಗ ಹಳೇದೆಲ್ಲ ಅಲ್ಲೇ ಬಿಟ್ಟೆ. ಈಗ ನಿನಗೆ ಇದು ಮನೆ, ನಾವು ಬಂಧುಗಳು. ಇನ್ನೂ ಅಪ್ಪ, ಅಂಗಡಿ ಅಂತ ಅಳ್ತೀಯಲ್ಲ."

"ಸುಳ್ಳು ಹೇಳಬಾರದು ಅಂತ ನೀವೇ ಕಲಿಸಿದ್ದು."

ಪಾಸ್ಟರ ಮುಖ ಕೆಂಪಾಯಿತು. ಅದು ಸಿಟ್ಟೊಂದೇ ಆಗಿರಲಿಲ್ಲ. "ಸಮಯ ನೋಡಿ ನಾನೇ ಸರಿಮಾಡ್ತೀನಿ. ನೀನು ಸುಮ್ಮನಿರು. ತಿಂಗಳ ಕೊನೆಗೆ ದೊಡ್ಡ ಕೂಟ ಇದೆ. ನಿಮ್ಮ ಅಪ್ಪ ಬರ್ತೀನಿ ಅಂದಿದ್ದಾರೆ. ಟೀಚರಮ್ಮ ಹೋಗಿ ಕರೆದು ಬಂದ್ರು."

ಮಗ ಮನೆಗೆ ಓಡಿದ. ಅಪ್ಪ ಒಳ್ಳೆಯ ಅಂಗಿ ತೆಗೆದು ಗುಂಡಿ ಹೊಲಿಯುತ್ತಿದ್ದ.

"ನೀವು ಬರಬೇಡಿ ಅಪ್ಪ."

"ಬರದೇ ಇದ್ರೆ ನಿನ್ನ ಮೇಲೆ ಅನುಮಾನ ಬರುತ್ತೆ ಕಣೋ. ನನ್ನ ಹೆಸರು ಹೋಗಿದ್ದು ಹೋಯ್ತು. ನಿಂದಾದರೂ ನಿಲ್ಲಲಿ. ಆ ಜನ ಸೇರಿದ ಮೇಲೆ ನೀನು ಮನುಷ್ಯನ ಹಾಗೆ ಆಗಿದ್ದೀಯ. ನಾನು ಕಂಡಿಲ್ವಾ?" ದಾರವನ್ನು ಹಲ್ಲಿನಿಂದ ಕಡಿದು, ಮುಜುಗರದಿಂದ ದನಿ ತಗ್ಗಿಸಿದ. "ಒಂದು ಮಾತು. ಕುಡುಕರು ಏನೇನು ಮಾಡ್ತಾರೆ? ನಾನು ದೂರದಿಂದ ನೋಡಿದ್ದೇ ಹೊರತು... ಸ್ವಲ್ಪ ಹೇಳಿಕೊಡು. ಅಲ್ಲಿ ಹೋಗಿ ತಬ್ಬಿಬ್ಬಾಗಬಾರದಲ್ಲ."

ಮಗನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಒಳಗಿನಿಂದ ಅಮ್ಮನ ದನಿ ಬಂತು: "ಹೇಳಿಕೊಡು, ಹೇಳಿಕೊಡು! ನಿಮ್ಮಪ್ಪ ಮಗ್ಗಿ ಕಲಿಸಿದ್ರು. ನೀನು ಕುಡಿಯೋದು ಕಲಿಸು!"

ಅವನು ಕಲಿಸಲಿಲ್ಲ. ಬೇಡವೆಂದು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಕೂಟದ ದಿನ ಆತ ತನ್ನ ಗಡ್ಡವನ್ನು ತಾನೇ ಎರಡು ಸಲ ಹೆರೆದುಕೊಂಡ.

ಆವತ್ತು ಪ್ರಾರ್ಥನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ಜನ. ಪಾಸ್ಟರು ಅಪ್ಪನ ಭುಜದ ಮೇಲೆ ಕೈಯಿಟ್ಟು ಮೈಕಿನ ಬಳಿಗೆ ಕರೆದೊಯ್ದರು. ಸಂಕೋಚವಾಗದಿರಲೆಂದು ಮೈಕನ್ನು ಆತನ ಕೈಗೇ ಕೊಟ್ಟು, ತಾವು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳತೊಡಗಿದರು. ಮಗ ಮುಂದಿನ ಬೆಂಚಿನಲ್ಲಿದ್ದ, ತನಗೆಂದೇ ಬಿಟ್ಟಿದ್ದ ಜಾಗದಲ್ಲಿ.

"ಹೇಳಿ ಅಣ್ಣ, ಎಷ್ಟು ಕುಡೀತಿದ್ರಿ?"

ಅಪ್ಪ ಯೋಚಿಸಿದ. "ಬೇಕಾದಷ್ಟು. ಬೆಳಿಗ್ಗೆ ಒಂದು ಲೋಟ. ಊಟ ಆದ ಮೇಲೆ ಒಂದು ಲೋಟ. ಸಂಜೆ... ಸಂಜೆ ಸಕ್ಕರೆ ಕಮ್ಮಿ."

ಜನ ಗೊಳ್ಳೆಂದು ನಕ್ಕರು. ಮುದುಕ ನಾಚುತ್ತಿದ್ದಾನೆ ಎಂದುಕೊಂಡರು. ಅಪ್ಪನೂ ಪೆಚ್ಚುಪೆಚ್ಚಾಗಿ ನಕ್ಕ.

"ಮನೆಯಲ್ಲಿ ಹೆಂಡತಿಗೆ ಹೊಡೀತಿದ್ರಾ?"

ನಗು ನಿಂತಿತು. ಅಪ್ಪ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದ. ಹೌದು ಎನ್ನಲು ಬಾಯಿ ತೆರೆದ, ಬರಲಿಲ್ಲ. ಮತ್ತೊಮ್ಮೆ ತೆರೆದ. ಆಗ ಮಗನಿಗೆ ಕಂಡಿತು: ಅಪ್ಪನ ಕೈ ನಡುಗುತ್ತಿತ್ತು. ಬೀದಿಯ ಗಂಟಲುಗಳ ಮೇಲೆಲ್ಲ ಗೆರೆ ತಪ್ಪದೆ ಓಡಾಡಿದ ಆ ಕೈ ನಡುಗಿ, ಮೈಕು ಅಂಗಿಯ ಗುಂಡಿಗೆ ಟಕಟಕ ಬಡಿಯುವ ಸದ್ದು ಇಡೀ ಕೋಣೆಗೆ ಕೇಳಿಸುತ್ತಿತ್ತು.

ಮಗ ಎದ್ದು ನಿಂತ. ಎದ್ದದ್ದು ತಿಳಿಯುವ ಮೊದಲೇ ಮಾತು ಹೊರಗೆ ಬಂದಿತ್ತು.

"ಅವರು ಕುಡಿದಿಲ್ಲ! ಒಂದು ದಿನಾನೂ ಕುಡಿದಿಲ್ಲ, ಅಮ್ಮನ ಮೇಲೆ ಕೈ ಎತ್ತಿಲ್ಲ. ನಾನು ಸುಳ್ಳು ಹೇಳಿದೆ. ನನ್ನ ಮಾನ ಉಳಿಸೋಕೆ ಇಲ್ಲಿ ಬಂದು ನಿಂತಿದ್ದಾರೆ."

ಪಾಸ್ಟರು ಅವನನ್ನು ನೋಡಿದರು, ಕಿಟಕಿಯಲ್ಲಿದ್ದ ಜನರನ್ನು ನೋಡಿದರು. ಆಮೇಲೆ ಅಪ್ಪನ ಕೈಯಿಂದ ಮೈಕು ತೆಗೆದುಕೊಂಡರು. ಅವರ ದನಿ ಗದ್ಗದವಾಗಿತ್ತು. "ನೋಡಿ! ಪ್ರೀತಿ ಅಂದ್ರೆ ಇದು. ತಂದೆಯ ಅವಮಾನ ನೋಡಲಾರದೆ ಈ ಮಗ ಎಲ್ಲವನ್ನೂ ತನ್ನ ತಲೆ ಮೇಲೆ ಎಳೆದುಕೊಳ್ತಿದ್ದಾನೆ!"

"ಅಲ್ಲ ಅಯ್ಯಾ, ನಿಜವಾಗಿ..."

"ಸ್ತೋತ್ರ!" ಎಂದರು ಯಾರೋ. ಕೋಣೆಯೆಲ್ಲ "ಸ್ತೋತ್ರ" ಎಂದಿತು. ಹಾರ್ಮೋನಿಯಂ ಶುರುವಾಯಿತು. ಟೀಚರಮ್ಮ ಓಡಿಬಂದು ಅವನ ತಲೆ ಸವರಿ, "ಎಂಥ ಮಗನಪ್ಪ, ಎಂಥ ಮಗ" ಎಂದು ಅತ್ತರು. ಅವನು ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ಹಾಡಿದರು. ಹಿಂದಿನ ಗೋಡೆಗೆ ಒರಗಿದ್ದ ಕಸ ಗುಡಿಸುವ ಮುದುಕ ಮಾತ್ರ ಹಾಡದೆ ಅವನನ್ನೇ ನೋಡುತ್ತಿದ್ದ.

ಅಪ್ಪ ಮಗ ಮನೆಯ ಕಡೆ ನಡೆದರು. ಬೀದಿಯ ತಿರುವಿನಲ್ಲಿ ಅಪ್ಪ ಅಂದ: "ಹೇಳಿದೆಯಲ್ಲ. ಅಷ್ಟು ಸಾಕು ಬಿಡು."

"ಯಾರೂ ನಂಬಲಿಲ್ಲ."

"ಅದು ಅವರ ಹಣೆಬರಹ. ಇನ್ನು ಮೇಲೆ ಅಲ್ಲಿಗೆ ಹೋಗಲ್ವಾ?"

"ಹೋಗ್ತೀನಿ ಅಪ್ಪ. ನಾನು ನಂಬಿರೋನು ಅಲ್ಲೂ ಇದ್ದಾನೆ." ಅವನು ಹೆಜ್ಜೆ ನಿಧಾನ ಮಾಡಿದ. "ಅವನಿಗೆ ಎಲ್ಲಾ ಗೊತ್ತು. ಅದಕ್ಕೇ ಹೆದರಿಕೆ."

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮಗನಿಗೂ ಒಂದು ತಟ್ಟೆ ಹಾಕಿದಳು. ಬಡಿಸುತ್ತಾ ಅಂದಳು: "ಚರ್ಚಿನಲ್ಲಿ ಎದ್ದು ನಿಂತೆ. ಒಳ್ಳೇದು. ಆದರೆ ಗಡ್ಡ ಬೆಳೆಸಿಕೊಂಡು ಓಡಾಡ್ತಿರೋರು ಚರ್ಚಿನೋರಲ್ಲ. ಈ ಬೀದಿಯೋರು."

ಮಾರನೆಯ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟವನು ಬಸ್ಸಿನ ಕಡೆ ತಿರುಗದೆ ಎದುರು ಸಾಲಿಗೆ ದಾಟಿದ. ದಿನಸಿ ಅಂಗಡಿಯಲ್ಲಿ ಜನ ತುಂಬಿದ್ದರು: ಹಾಲಿನ ಪಾತ್ರೆ ಹಿಡಿದವರು, ಬ್ರೆಡ್ಡಿಗೆ ಬಂದವರು, ಸುಮ್ಮನೆ ನಿಂತವರು. ದಿನಸಿಯವನ ಮುಖದ ಮೇಲೆ ಗಡ್ಡ ಕಳೆಯ ಹಾಗೆ ಎದ್ದಿತ್ತು.

"ಏನು ಬೇಕಿತ್ತು?" ಎಂದ ಅವನು, ತೂಕ ಮಾಡುತ್ತಲೇ.

ಮಗ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿದ. "ಒಂದು ಮಾತು ಹೇಳಬೇಕಿತ್ತು. ನಮ್ಮಪ್ಪ ಯಾವತ್ತೂ ಕುಡಿದಿಲ್ಲ. ನಾನೇ ಚರ್ಚಿನಲ್ಲಿ ಸುಳ್ಳು ಹೇಳಿದ್ದು. ಅವತ್ತು ಅವರು ಒಪ್ಪಿಕೊಂಡಿದ್ದು ನನಗೋಸ್ಕರ."

ದಿನಸಿಯವನು ತಕ್ಕಡಿ ಕೆಳಗಿಟ್ಟ. "ಯಾಕೆ ಹೇಳಿದೆ?"

"ನಾಲ್ಕು ಜನ ನನ್ನ ಕಡೆ ನೋಡ್ಲಿ ಅಂತ."

"ಅಪ್ಪನ ಬಗ್ಗೆ ಇಷ್ಟು ದೊಡ್ಡ ಸುಳ್ಳು ಹೇಳಿದೋನು, ಮನೆ ಮನೆಗೆ ಬಂದು ಏಸು ಅಂತೀಯಲ್ಲ. ಅದನ್ನ ಹೇಗೆ ನಂಬೋದು? ಅದೂ ಇಂಥದ್ದೇನಾ?"

ಆ ಮಾತು ಎದೆಗೆ ನಾಟಿತು. ತನ್ನ ಮಾನ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ತಾನು ನಂಬಿದವನ ಮಾನವನ್ನೂ ಈ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆಂದು ಗೊತ್ತಿರಲಿಲ್ಲ.

"ಅವನು ಸುಳ್ಳಲ್ಲ," ಎಂದ ಮೆಲ್ಲಗೆ. "ಸುಳ್ಳ ನಾನು."

"ಪಿಸುಗುಟ್ಟಬೇಡಪ್ಪ. ಅಪ್ಪ ಕುಡುಕ ಅನ್ನೋದನ್ನ ಮೈಕಿನಲ್ಲಿ ಹೇಳಿದೆಯಂತೆ. ಅಲ್ಲ ಅನ್ನೋದನ್ನ ನನ್ನ ಕಿವೀಲಿ ಹೇಳಿದ್ರೆ ಆಗುತ್ತಾ? ಹೋಗು, ಬೀದಿ ಮಧ್ಯ ನಿಂತು ಹೇಳು. ನಾನೂ ಊರಿಗೆಲ್ಲ ಹಬ್ಬಿಸಿದೋನೇ. ನನಗೂ ಮುಖ ತೋರಿಸೋ ಹಾಗಾಗಲಿ."

ಅಂಗಡಿಯ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮಗ ಬೀದಿಯ ನಡುವೆ ಬಂದು ನಿಂತ. ಎದುರಿಗೆ ತಮ್ಮ ಮನೆ. ಅಂಗಡಿಯ ಬಾಗಿಲಲ್ಲಿ ಅಪ್ಪ ಕತ್ತಿ ಮಸೆಯುವ ಪಟ್ಟಿ ಹಿಡಿದು ನಿಂತಿದ್ದ. ಆತನ ಹಿಂದೆ ಅಮ್ಮ, ಹೆಂಡತಿ, ದವಾಖಾನೆಗೆ ಹೊರಟ ತಂಗಿ.

"ನಮ್ಮಪ್ಪ ಕುಡಿಯೋರಲ್ಲ!" ಎಂದು ಕೂಗಿದ. ದನಿ ಹುಡುಗನದರಂತೆ ಕೀರಲಾಗಿ ಬಂತು. "ಯಾವತ್ತೂ ಕುಡಿದಿಲ್ಲ! ನಾನು ಅವರ ಮೇಲೆ ಸುಳ್ಳು ಹೇಳಿದೆ!"

ಒಂದು ಕಿಟಕಿ ತೆರೆಯಿತು, ಇನ್ನೊಂದು ತೆರೆಯಿತು. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. ಯಾರೋ ಕಿಸಕ್ಕನೆ ನಕ್ಕರು.

"ಸಾಕು, ಬಾರೋ ಒಳಗೆ," ಎಂದ ಅಪ್ಪ. ಆತನ ಮುಖ ನೆಲ ನೋಡುತ್ತಿತ್ತು. "ಬೀದೀಲಿ ಏನಿದು. ಬಾ."

ಅಮ್ಮ ಅಪ್ಪನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ನೀವು ಸುಮ್ಮನಿರಿ. ಹೇಳಲಿ ಬಿಡಿ."

ಮೂಲೆಮನೆಯ ಮಹಡಿಯಿಂದ ಮುದುಕಿಯೊಬ್ಬಳು ಕಿವಿಗೆ ಕೈ ಆನಿಸಿ ಬಗ್ಗಿದಳು. "ಏನಂತೆ ಅದು? ಯಾರು ಕುಡಿದದ್ದು? ನನಗೆ ಒಂದೂ ಕೇಳಿಸಲಿಲ್ಲ!"

ನಗು ಇನ್ನೊಂದಷ್ಟು ಜೋರಾಯಿತು. ಮಗ ಮುದುಕಿಯ ಕಡೆ ತಿರುಗಿದ. ದನಿ ಏರಿಸಿ, ಮೊದಲಿನಿಂದ ಶುರುಮಾಡಿದ.